ಮದುವೆಗೆ ಕರೆದರು, ಮೆಹಂದಿಗೆ ಕರೆಯಲಿಲ್ಲ. ಇಷ್ಟಕ್ಕೆ ಬೇಜಾರು ಮಾಡುವುದು ಜಾಸ್ತಿ ಆಯಿತಾ?

ಕಡಲತಡಿ
ನಮಸ್ಕಾರ ಎಲ್ಲರಿಗೂ. ಇಲ್ಲಿ ಬಾಡಿಗೆ ಮನೆ, ಬಸ್ಸು, ನೀರಿನ ಬಿಲ್ಲಿನ ಮಾತೇ ಜಾಸ್ತಿ. ನನ್ನದು ಸ್ವಲ್ಪ ಬೇರೆ ಥರ. ನಗಬೇಡಿ.

ನಾವು ಐದು ಜನ ಡಿಗ್ರಿಯಿಂದ ಒಟ್ಟಿಗೆ ಇದ್ದವರು. ಓದಿದ್ದು ಉಡುಪಿಯಲ್ಲಿ, ಈಗ ಎಲ್ಲರಿಗೂ ಉಡುಪಿ-ಮಂಗಳೂರು ಮಧ್ಯೆಯೇ ಕೆಲಸ. ಕಳೆದ ತಿಂಗಳು ಒಬ್ಬಳ ಮದುವೆ ಆಯಿತು. ನನಗೆ ಕಾಗದ ವಾಟ್ಸಾಪಿನಲ್ಲಿ ಬಂತು, 'ಖಂಡಿತ ಬರಬೇಕು' ಅಂತ. ಸರಿ, ಈಗ ಎಲ್ಲರೂ ಹಾಗೇ ಕಳಿಸುವುದಲ್ವಾ.

ಮದುವೆಯ ಹಿಂದಿನ ರಾತ್ರಿ ಊಟ ಮುಗಿಸಿ ಫೋನ್ ನೋಡಿದರೆ ಉಳಿದ ಮೂವರ ಸ್ಟೇಟಸಿನಲ್ಲೂ ಮೆಹಂದಿ. ಮೂವರದ್ದೂ ಒಂದೇ ಹಳದಿ ಸೀರೆ, ಹಸಿರು ಅಂಚು. ಅಂದರೆ ಅಂಗಡಿಗೆ ಒಟ್ಟಿಗೆ ಹೋಗಿದ್ದಾರೆ, ಬ್ಲೌಸ್ ಹೊಲಿಯಲಿಕ್ಕೆ ಕೊಟ್ಟಿದ್ದಾರೆ, ಡ್ಯಾನ್ಸ್ ಪ್ರಾಕ್ಟೀಸ್ ಮಾಡಿದ್ದಾರೆ. ನಮ್ಮ ಐವರ ಗುಂಪಿನಲ್ಲಿ ಮಾತ್ರ ಬಹಳ ದಿನದಿಂದ ಒಂದು ಗುಡ್ ಮಾರ್ನಿಂಗ್ ಹೂವೂ ಬಂದಿರಲಿಲ್ಲ. ಬೇರೆ ಗುಂಪು ಮಾಡಿಕೊಂಡಿದ್ದಾರೆ ಅಂತ ಆಗ ಹೊಳೆಯಿತು.

ಮದುವೆಗೆ ಹೋದೆ. ನಗುತ್ತಾ ಫೋಟೋಕ್ಕೆ ನಿಂತೆ. ಕವರಿನಲ್ಲಿ ಹಾಕಬೇಕು ಅಂದುಕೊಂಡದ್ದಕ್ಕಿಂತ ಜಾಸ್ತಿ ದುಡ್ಡು ಹಾಕಿದೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಈಗ ಅವರ ಸ್ಟೇಟಸ್ ನೋಡುತ್ತೇನೆ, ಆದರೆ ನೋಡಿದ್ದು ಅವರಿಗೆ ಗೊತ್ತಾಗದ ಹಾಗೆ ಸೆಟ್ಟಿಂಗ್ ಬದಲಿಸಿದ್ದೇನೆ. ಮೆಸೇಜ್ ಟೈಪ್ ಮಾಡುವುದು, ಅಳಿಸುವುದು. ಎದೆಯಲ್ಲಿ ನಿಜವಾಗಿ ಏನೋ ಭಾರ. ಮಗನ ಮೇಲೆ ಸುಮ್ನೆ ರೇಗುತ್ತೇನೆ. ನಮ್ಮವರು "ಒಂದು ಮೆಹಂದಿಗೆ ಇಷ್ಟು ಮಂಡೆ ಬಿಸಿಯಾ" ಅಂತ ಕೇಳುತ್ತಾರೆ.

ನನ್ನದೇ ಸಣ್ಣತನವಾ? ನಿಮಗೆ ಹೀಗಾದಾಗ ಎಂತ ಮಾಡಿದಿರಿ? ನೇರ ಕೇಳುವುದಾ, ಸುಮ್ಮನೆ ಬಿಡುವುದಾ?

ಬಂಗುಡೆಪ್ರಿಯ
ಮೆಹಂದಿಗೆ ಹೋಗಿ ಹೋಗಿ ಸಾಕಾದವನು ಹೇಳುತ್ತಿದ್ದೇನೆ. ಆ ಡಿಜೆಯ ಎದುರು ಪಕ್ಕದವನ ಮಾತೂ ಕೇಳುವುದಿಲ್ಲ. ಕಿವಿ ಉಳಿಯಿತು ಅಂದುಕೊಳ್ಳಿ.

ಮಲ್ಪೆಗಾಳಿ
ಅವರು ಕೇಳಿದ್ದು ಕಿವಿಯ ವಿಷಯ ಅಲ್ಲ ಮಾರಾಯ್ರೆ.

ರಥಬೀದಿಯವಳು
ಸಣ್ಣತನ ಅಲ್ಲವೇ ಅಲ್ಲ. ನಮ್ಮ ಕಡೆ ಮದುವೆಗೆ ಊರಿಡೀ ಬರುತ್ತದೆ. ಅಪ್ಪನ ಆಫೀಸಿನವರು, ಹಾಲಿನವರು, ಎಲ್‌ಐಸಿ ಏಜೆಂಟರು, ಎಲ್ಲರಿಗೂ ಕಾಗದ ಹೋಗುತ್ತದೆ. ಮೆಹಂದಿ ಹಾಗಲ್ಲ. ಅಲ್ಲಿಗೆ ಬರುವುದು ಮನೆಯವರ ಲೆಕ್ಕದಲ್ಲಿ ಇರುವವರು. ಹಾಗಾಗಿ ಮೆಹಂದಿಗೆ ಕರೆಯದೆ ಮದುವೆಗೆ ಕರೆದರು ಅಂದರೆ ನಿಮ್ಮನ್ನು ಎಲ್‌ಐಸಿ ಏಜೆಂಟರ ಸಾಲಿಗೆ ಹಾಕಿದರು ಅಂತ. ನಾನಾಗಿದ್ದರೆ ಮದುವೆಗೂ ಹೋಗುತ್ತಿರಲಿಲ್ಲ.

ಸಣ್ಣಪಿಂಟೊ
ನಮ್ಮಲ್ಲಿ ರೋಸ್‌ಗೂ, ಅಂದರೆ ಮದುವೆಗೆ ಮೊದಲು ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೂ, ಇದೇ ಕಥೆ. ಚರ್ಚಿಗೆ, ಹಾಲ್‌ಗೆ ಸಾವಿರ ಜನ ಬರಲಿ, ತೆಂಗಿನ ಹಾಲು ಹಚ್ಚಲಿಕ್ಕೆ ಮುಂದೆ ಹೋಗುವವರು ಯಾರು ಅನ್ನುವುದರಲ್ಲಿ ಎಲ್ಲ ಉಂಟು. ನಮ್ಮ ದೊಡ್ಡಮ್ಮನಿಗೆ ಒಂದು ರೋಸ್‌ಗೆ ಹೇಳಿಕೆ ಹೋಗಲಿಲ್ಲ ಅಂತ ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಆಮೇಲೆ ಒಂದು ಸಾವಿನ ಮನೆಯಲ್ಲಿ ಸರಿಯಾಯಿತು.

ಎಲ್‌ಐಸಿಯವ
ರಥಬೀದಿ ಅಕ್ಕ, ನಾವೇನು ಮಾಡಿದೆವು ನಿಮಗೆ?

ಮನಪಾಠ
ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವನು. ಸ್ವಲ್ಪ ಉದ್ದ ಆಗುತ್ತದೆ, ಬೋರ್ ಆದರೆ ದಾಟಿ ಹೋಗಿ.

ಕಿಪ್ಲಿಂಗ್ ವಿಲಿಯಮ್ಸ್ ಅಂತ ಒಬ್ಬ ಸಂಶೋಧಕರು. ಒಮ್ಮೆ ಪಾರ್ಕಿನಲ್ಲಿ ಇದ್ದಾಗ ಇಬ್ಬರು ಆಡುತ್ತಿದ್ದ ಫ್ರಿಸ್ಬೀ ಇವರ ಹತ್ತಿರ ಬಂದು ಬಿತ್ತು. ಎತ್ತಿ ಎಸೆದರು. ಆ ಇಬ್ಬರು ಇವರಿಗೂ ಸ್ವಲ್ಪ ಹೊತ್ತು ಎಸೆದರು, ಆಮೇಲೆ ಇದ್ದಕ್ಕಿದ್ದ ಹಾಗೆ ಇವರನ್ನು ಬಿಟ್ಟು ತಮ್ಮಷ್ಟಕ್ಕೆ ಆಡಿಕೊಂಡರು. ಹೆಸರೂ ಗೊತ್ತಿಲ್ಲದ ಜನ, ಆದರೂ ಇವರಿಗೆ ಒಳಗೆ ಚುಚ್ಚಿತು. ಅಲ್ಲಿಂದ ಒಂದು ಪ್ರಯೋಗ ಹುಟ್ಟಿತು. ಕಂಪ್ಯೂಟರಿನಲ್ಲಿ ಮೂವರು ಎಸೆದಾಡುವ ಆಟ, ಸ್ವಲ್ಪ ಹೊತ್ತಾದ ಮೇಲೆ ನಿಮ್ಮ ಕಡೆಗೆ ಎಸೆಯುವುದೇ ನಿಲ್ಲುತ್ತದೆ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 62 ದೇಶಗಳ 1,486 ಜನ ಇಂಟರ್ನೆಟ್ಟಿನಲ್ಲಿ ಇದನ್ನು ಆಡಿದ್ದರು. ಬಿಟ್ಟುಹೋದವರ ಮನಸ್ಸು ಕೆಟ್ಟಿತು. ಮುಂದೆ ಈ ಆಟಕ್ಕೆ ಸೈಬರ್‌ಬಾಲ್ ಅಂತ ಹೆಸರಾಯಿತು.

ಮಜಾ ಏನೆಂದರೆ, 2004ರ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ 'ಎದುರಿಗೆ ಆಡುತ್ತಿರುವುದು ಮನುಷ್ಯರಲ್ಲ, ಕಂಪ್ಯೂಟರ್' ಅಂತ ಮೊದಲೇ ಹೇಳಿದ್ದರು. ಆಗಲೂ ನೋವಾಯಿತು. 2007ರಲ್ಲಿ ಎದುರಿನವರು ಕು ಕ್ಲಕ್ಸ್ ಕ್ಲಾನಿನವರು (ಅಮೆರಿಕದ ಜನಾಂಗದ್ವೇಷಿ ಗುಂಪು) ಅಂತ ನಂಬಿಸಿದರು, ಅಂದರೆ ಯಾರೂ ಸೇರಲು ಬಯಸದ ಜನ. ಅವರು ಚೆಂಡು ಕೊಡದಿದ್ದಾಗಲೂ ನೋವಾಯಿತು! ಕಂಪ್ಯೂಟರ್ ಚೆಂಡು ಕೊಡದಿದ್ದರೇ ಹೀಗೆ. ಇಷ್ಟು ವರ್ಷದ ಗೆಳತಿಯರು ಸೀರೆ ತೆಗೆಯುವಾಗ ಬಿಟ್ಟುಹೋದರೆ ಭಾರ ಆಗದೆ ಇರುತ್ತದಾ?

ಕವರಿನಲ್ಲಿ ಜಾಸ್ತಿ ದುಡ್ಡು ಹಾಕಿದ್ದು, ಮಗನ ಮೇಲೆ ರೇಗಿದ್ದು, ಕದ್ದು ಸ್ಟೇಟಸ್ ನೋಡಿದ್ದು, ಮೂರೂ ಒಂದೇ ಬೇರಿನದ್ದು. ಬಿಟ್ಟುಹಾಕಿದಾಗ ಜನ ಒಂದೋ ಮತ್ತೆ ಸೇರಿಸಿಕೊಳ್ಳಲಿ ಅಂತ ಅತಿ ಒಳ್ಳೆಯವರಾಗುತ್ತಾರೆ, ಒಂದೋ ಸಿಟ್ಟು ತೀರಿಸಿಕೊಳ್ಳುತ್ತಾರೆ, ಇಲ್ಲವೇ ದೂರ ಸರಿಯುತ್ತಾರೆ. ಒಬ್ಬರೇ ಒಂದೇ ವಾರದಲ್ಲಿ ಮೂರನ್ನೂ ಮಾಡುವುದುಂಟು. ಸಿಟ್ಟಿನ ವಿಷಯದಲ್ಲಿ ಜೀನ್ ಟ್ವೆಂಗಿ, ರಾಯ್ ಬಾಮೈಸ್ಟರ್ ಮತ್ತವರ ಜೊತೆಯವರು 2001ರಲ್ಲಿ ಒಂದು ಪ್ರಯೋಗ ಮಾಡಿದ್ದರು. 'ಗುಂಪಿನಲ್ಲಿ ಯಾರೂ ನಿನ್ನನ್ನು ಆರಿಸಲಿಲ್ಲ' ಅನ್ನಿಸಿಕೊಂಡವರು ಆಮೇಲೆ ಒಂದು ಆಟದಲ್ಲಿ, ಏನೂ ಮಾಡದ ಬೇರೆಯವರಿಗೂ ಜಾಸ್ತಿ ಜೋರಾದ ಕರ್ಕಶ ಸದ್ದು ಕೇಳಿಸಿದರು. ನಿಮ್ಮ ಮನೆಯಲ್ಲಿ ಆ ಸದ್ದು ಮಗನಿಗೆ ಹೋಗುತ್ತಿದೆ, ಅಷ್ಟೇ.

ಕಂಬಳಗದ್ದೆ
ಚೆಂಡು, ಫ್ರಿಸ್ಬೀ ಎಲ್ಲ ಸರಿ ಸರ್. ನಮ್ಮ ಅಜ್ಜಿ ಇದನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದರು. ಇಷ್ಟಕ್ಕೆ 62 ದೇಶ ಬೇಕಿತ್ತಾ?

ಮನಪಾಠ
ಅಜ್ಜಿಗೆ ಗೊತ್ತಿದ್ದದ್ದು ನಿಜವಾ ಅಂತ ನೋಡುವುದೇ ನಮ್ಮ ಕೆಲಸ ಸ್ವಾಮಿ. ಸಂಬಳ ಬರುವುದೇ ಅದಕ್ಕೆ.

ಮಣಿಪಾಲ್‌ಮಳೆ
ಎದೆಭಾರ ಅಂದರಲ್ಲ, ಅದು ಬರೀ ಮಾತಿಗೆ ಹೇಳುವುದಲ್ಲ. ಮೈಗೆ ಪೆಟ್ಟಾದಾಗ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ, ಯಾರಾದರೂ ಹೊರಗೆ ಹಾಕಿದಾಗಲೂ ಅದೇ ಭಾಗ ಕೆಲಸ ಮಾಡುತ್ತದೆ. ಇದು ಸಾಬೀತಾಗಿದೆ. ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಈ ನೋವೂ ಕಮ್ಮಿ ಆಗುತ್ತದಂತೆ.

ಮನಪಾಠ
ಅರ್ಧ ಸರಿ, ಅರ್ಧ ತಡೆಯಿರಿ. ನವೋಮಿ ಐಸೆನ್‌ಬರ್ಗರ್ ಅವರ 2003ರ ಸ್ಕ್ಯಾನ್ ಅಧ್ಯಯನ ನೀವು ಹೇಳಿದ ಹಾಗೇ ಇತ್ತು, ಆದರೆ ಅದರಲ್ಲಿ ಇದ್ದದ್ದು 13 ಜನ. 2014ರಲ್ಲಿ ಇನ್ನೊಂದು ತಂಡ ಇನ್ನೂ ಸೂಕ್ಷ್ಮವಾಗಿ ನೋಡಿದಾಗ, ಜಾಗ ಒಂದೇ ಆದರೂ ಒಳಗಿನ ಚಟುವಟಿಕೆಯ ವಿನ್ಯಾಸ ಬೇರೆ ಬೇರೆ ಅಂತ ಕಂಡಿತು. ಹಾಗಾಗಿ 'ಎರಡೂ ಒಂದೇ ನೋವು' ಅನ್ನಲಿಕ್ಕೆ ಬರುವುದಿಲ್ಲ. ನೋವು ನಿಜ ಅನ್ನಲಿಕ್ಕೆ ಸ್ಕ್ಯಾನ್ ಬೇಕಾಗಿಯೂ ಇಲ್ಲ.

ಪ್ಯಾರಾಸಿಟಮಾಲ್ ಪ್ರಯೋಗ 2010ರದ್ದು, ಮೂರು ವಾರ ದಿನಾ ಕೊಟ್ಟು ನೋಡಿದ್ದು. ಅದನ್ನು ಓದಿ ಯಾರೂ ಮನೆಯಲ್ಲಿ ಮಾತ್ರೆ ನುಂಗಬೇಡಿ. ಲಿವರ್ ಹೋಗುತ್ತದೆ, ಗೆಳತಿಯರು ವಾಪಸ್ ಬರುವುದಿಲ್ಲ.

ಬಂಗುಡೆಪ್ರಿಯ
ಡೋಲೋ ಪೇಜು ಓಪನ್ ಮಾಡಿದ್ದೆ, ಮುಚ್ಚಿದೆ.

ದುಬೈನಿಂದಬಂದವ
ನನ್ನ ಪ್ರಾಯ ಐವತ್ತು ದಾಟಿದೆ. ಇಂಥದ್ದು ಹೆಣ್ಣುಮಕ್ಕಳಿಗೆ, ಕಾಲೇಜು ಮಕ್ಕಳಿಗೆ ಮಾತ್ರ ಅಂತ ತಿಳಿಯಬೇಡಿ.

ಗಲ್ಫಿನಲ್ಲಿ ಇದ್ದಾಗ ರಜೆಗೆ ಊರಿಗೆ ಬಂದರೆ ಏರ್‌ಪೋರ್ಟಿಗೇ ಕಾರು ತರುತ್ತಿದ್ದರು. ದಿನಾ ಸಂಜೆ ಮನೆಯ ಜಗಲಿಯಲ್ಲಿ ಏಳೆಂಟು ಜನ. ನಾನು ತಂದ ಟಾರ್ಚು, ಸೆಂಟು, ಚಾಕಲೇಟು ಖಾಲಿ ಆಗುವವರೆಗೆ ಗಮ್ಮತ್ತೇ ಗಮ್ಮತ್ತು. ಕೆಲಸ ಬಿಟ್ಟು ಖಾಯಂ ವಾಪಸ್ ಬಂದೆ. ಮೊದಲ ವಾರ ಬಂದರು. ಆಮೇಲೆ ನಾನೇ ಫೋನ್ ಮಾಡಬೇಕು. "ಸ್ವಲ್ಪ ಬ್ಯುಸಿ ಉಂಟು" ಅನ್ನುತ್ತಿದ್ದರು. ಸಂಜೆ ಪೇಟೆಗೆ ಹೋದರೆ ಅದೇ ಹೋಟೆಲಿನಲ್ಲಿ ಅದೇ ಮೇಜಿನ ಸುತ್ತ ಕೂತಿದ್ದಾರೆ, ಗೋಳಿಬಜೆ ತಿನ್ನುತ್ತಾ. ನನ್ನನ್ನು ನೋಡಿ ಒಬ್ಬ ಜಾಗ ಮಾಡಿಕೊಟ್ಟ. ಆದರೆ ಮಾತು ನಿಂತಿತು. ಚಹಾ ಕುಡಿದು ಎಲ್ಲರ ಬಿಲ್ ನಾನೇ ಕೊಟ್ಟೆ. ಯಾರೂ ಬೇಡ ಅನ್ನಲಿಲ್ಲ.

ನಾನು ಕೇಳಲಿಕ್ಕೆ ಹೋಗಲಿಲ್ಲ. ಆ ಹೋಟೆಲಿನ ದಾರಿ ಬಿಟ್ಟೆ. ಸುತ್ತು ಹಾಕಿಯೇ ಪೇಟೆಗೆ ಹೋಗುತ್ತೇನೆ, ಈಗಲೂ.

ಸಣ್ಣಪಿಂಟೊ
ಭಾಯಿ, ನೀವು ಆ ಬಿಲ್ ಕೊಟ್ಟದ್ದು ಓದಿ ಬೇಸರ ಆಯಿತು. ಕವರಿನ ದುಡ್ಡಿನ ಥರವೇ.

ಪಟ್ಟೆಹುಲಿ
ಎಲ್ಲರೂ ಬಿಟ್ಟುಹೋದವರ ಪರವೇ ಬರೆಯುತ್ತಿದ್ದೀರಿ. ಬಿಟ್ಟವರ ಕಡೆಯದ್ದೂ ಕೇಳಿ. ನಾವು ಒಬ್ಬನನ್ನು ಬೇಕಂತಲೇ ಬಿಟ್ಟೆವು. ಹೌದು, ಬೇರೆ ಗುಂಪು ಮಾಡಿದೆವು, ಹಳೆಯದನ್ನು ಹಾಗೇ ಇಟ್ಟೆವು. ಎಲ್ಲಿಗೆ ಹೋದರೂ ಅವನದ್ದು ಒಂದು ಕಿರಿಕಿರಿ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋದರೆ ಬೋಟಿನ ಟಿಕೆಟಿಗೆ ಜಗಳ, ಊಟಕ್ಕೆ ಕೂತರೆ ವೆಯ್ಟರಿನ ಜೊತೆ ಜಗಳ. ಸಾಲ ಕೊಟ್ಟದ್ದು ಕೇಳಿದರೆ ಮುನಿಸು. ನೇರ ಹೇಳಿ ನೋಡಿದೆವು. "ನಾನು ಇರುವುದೇ ಹೀಗೆ" ಅಂದ. ಸರಿ ಮಾರಾಯ, ಹಾಗೇ ಇರು, ನಾವು ಇಲ್ಲಿ ಇರುತ್ತೇವೆ ಅಂತ ಬಂದೆವು. ನನಗೆ ಇದರಲ್ಲಿ ಪಶ್ಚಾತ್ತಾಪ ಇಲ್ಲ. ಭಾನುವಾರ ಒಂದೇ ಇರುವುದು.

ರಥಬೀದಿಯವಳು
ಹೇಳಿ ಬಿಟ್ಟದ್ದಕ್ಕೂ ಹೇಳದೆ ಬಿಟ್ಟದ್ದಕ್ಕೂ ವ್ಯತ್ಯಾಸ ಇಲ್ವಾ? ನೀವು ಕೊನೆಗೆ ಹೇಳಿಯಾದರೂ ಹೇಳಿದಿರಿ. ಆದರೆ ಹಳೆಯ ಗುಂಪು ಹಾಗೇ ಇಟ್ಟದ್ದು ಯಾಕೆ? ಅವನು ಅಲ್ಲಿ ಒಬ್ಬನೇ ಹಬ್ಬಕ್ಕೆ ವಿಶ್ ಹಾಕುತ್ತಾ ಕೂರಲಿ ಅಂತಾನಾ?

ಪಟ್ಟೆಹುಲಿ
ಡಿಲೀಟ್ ಮಾಡಿದರೆ ಗೊತ್ತಾಗುತ್ತದೆ ಅಂತ.

ರಥಬೀದಿಯವಳು
ಅದೇ.

ತುಳುನಾಡ್‌ನೇರ
ನಾನು ಒಂದು ರಾಜಕೀಯದ ಫಾರ್ವರ್ಡ್ ಸುಳ್ಳು ಅಂತ ಹೇಳಿದ್ದಕ್ಕೆ ಶಾಲೆಯ ಗೆಳೆಯರ ಗುಂಪಿನಿಂದ ತೆಗೆದರು. ಒಂದನೇ ಕ್ಲಾಸಿನಿಂದ ಗೊತ್ತಿದ್ದವರು. ಯಾವ ಪಕ್ಷದ್ದು ಅಂದರೆ...

ನಿರ್ವಾಹಕ
ಪಕ್ಷದ ಹೆಸರಿನಿಂದ ಮುಂದಿನದ್ದನ್ನು ಅಳಿಸಿದ್ದೇವೆ. ತೆಗೆದದ್ದರ ನೋವು ಬರೆಯಿರಿ, ಫಾರ್ವರ್ಡ್ ಇಲ್ಲಿಗೂ ತರಬೇಡಿ.

ತುಳುನಾಡ್‌ನೇರ
ಇಲ್ಲಿಂದಲೂ ತೆಗೆದರು ನೋಡಿ 😄

ಪುಟ್ಟಿಯಮ್ಮ
ಮಧ್ಯೆ ಬರುತ್ತಿದ್ದೇನೆ, ಬೇಜಾರು ಮಾಡಬೇಡಿ. ಮಗಳು ಆರನೇ ಕ್ಲಾಸು. ಮೂವರು ಹುಡುಗಿಯರು ಇವಳ ಜೊತೆ ಟೂ ಬಿಟ್ಟಿದ್ದಾರೆ. ಹೊಡೆಯುವುದಿಲ್ಲ, ಬೈಯುವುದಿಲ್ಲ, ಇವಳು ಹತ್ತಿರ ಹೋದರೆ ಮಾತು ನಿಲ್ಲಿಸುತ್ತಾರಂತೆ. ಟಿಫಿನ್ ಬಾಕ್ಸ್ ಹಾಗೇ ವಾಪಸ್ ಬರುತ್ತಿದೆ. ಮಧ್ಯಾಹ್ನ ಲೈಬ್ರರಿಯಲ್ಲಿ ಕೂರುತ್ತಾಳಂತೆ. ಟೀಚರಿಗೆ ಹೇಳಿದರೆ "ಮಕ್ಕಳು ನಾಳೆ ಸರಿ ಆಗುತ್ತಾರೆ" ಅಂದರು. ನಾನು ಆ ಹುಡುಗಿಯರ ಅಮ್ಮಂದಿರ ಹತ್ತಿರ ಮಾತಾಡಲಾ?

ಮನಪಾಠ
ಅಮ್ಮಂದಿರ ಹತ್ತಿರ ಮೊದಲೇ ಹೋಗಬೇಡಿ, ಅದು ದೊಡ್ಡವರ ಜಗಳ ಆಗುತ್ತದೆ. ಟೀಚರಿಗೆ 'ಟೂ ಬಿಟ್ಟಿದ್ದಾರೆ' ಅಂದರೆ ನಗು ಬರುತ್ತದೆ. 'ಊಟ ಮಾಡುತ್ತಿಲ್ಲ, ಮಧ್ಯಾಹ್ನ ಒಬ್ಬಳೇ ಕೂರುತ್ತಾಳೆ' ಅಂತ ಹೇಳಿ, ಕೂರುವ ಜಾಗ ಬದಲಿಸಲು ಕೇಳಿ. ಮೂವರನ್ನೂ ಗೆಲ್ಲಬೇಕಾಗಿಲ್ಲ. ಕ್ಲಾಸಿನಲ್ಲಿ ಒಂದು ಮಗುವಿನ ಜೊತೆ ಊಟಕ್ಕೆ ಕೂತರೆ ಬೇಕಾದಷ್ಟಾಯಿತು. ಊಟ, ನಿದ್ದೆ ಹೀಗೇ ಕೆಟ್ಟರೆ, ಶಾಲೆಗೆ ಹೋಗುವುದಿಲ್ಲ ಅಂತ ಹಟ ಹಿಡಿದರೆ ಕಾಯಬೇಡಿ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಉಂಟು, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದೊಡ್ಡವರಿಗೂ ಅದೇ ನಂಬರ್.

ನೀರುದೋಸೆ
ಪುಟ್ಟಿಯಮ್ಮ, ಶಾಲೆಯ ಹೊರಗೆ ಯಕ್ಷಗಾನ ಕ್ಲಾಸಿಗೋ ಕರಾಟೆಗೋ ಹಾಕಿ. ನನ್ನ ತಂಗಿಗೆ ಹೀಗೇ ಆಗಿತ್ತು. ಹೆಜ್ಜೆ ಕಲಿಯಲಿಕ್ಕೆ ಹೋದಲ್ಲಿ ಸಿಕ್ಕಿದವರು ಇವತ್ತಿಗೂ ಅವಳ ದೋಸ್ತಿಗಳು. ಶಾಲೆಯವರ ಹೆಸರೂ ಅವಳಿಗೆ ನೆನಪಿಲ್ಲ.

ಕಂಬಳಗದ್ದೆ
ಹೆಸರು ನೆನಪಿಲ್ಲ ಅನ್ನುವುದು ಸುಳ್ಳು. ನನಗೆ ನಾಲ್ಕನೇ ಕ್ಲಾಸಿನಲ್ಲಿ ಲಗೋರಿಗೆ ಸೇರಿಸಿಕೊಳ್ಳದವನ ಇನಿಶಿಯಲ್ ಸಮೇತ ನೆನಪುಂಟು. ಅದೇ ವರ್ಷ ಮರದಿಂದ ಬಿದ್ದು ಕೈ ಮುರಿದಿತ್ತು, ಅದು ಯಾವ ಕೈ ಅಂತ ಅಮ್ಮನನ್ನು ಕೇಳಬೇಕು.

ಮನಪಾಠ
ನೀವು ತಮಾಷೆಗೆ ಬರೆದಿರಿ, ಆದರೆ 2008ರ ಒಂದು ಅಧ್ಯಯನದಲ್ಲಿ ಕಂಡದ್ದು ಇದೇ. ಹಳೆಯ ಮೈನೋವನ್ನು ನೆನಪಿಸಿಕೊಂಡಾಗ ಅಷ್ಟಾಗಿ ನೋವು ಮರುಕಳಿಸುವುದಿಲ್ಲ. ಜನರಿಂದ ಆದ ನೋವು ನೆನೆದಾಗ ಮತ್ತೆ ನೋಯುತ್ತದೆ. ಅಜ್ಜಿಗೆ ಹೇಳಿ.

ಕಡಲತಡಿ
ಎಲ್ಲರಿಗೂ ಥ್ಯಾಂಕ್ಸ್. ಎಲ್ಲ ಓದಿದೆ. ನಿನ್ನೆ ಆ ಮೂವರಲ್ಲಿ ಒಬ್ಬಳಿಗೆ ಫೋನ್ ಮಾಡಿದೆ. ಮೆಸೇಜ್ ಅಲ್ಲ, ಫೋನೇ. "ಮೆಹಂದಿಗೆ ನನ್ನನ್ನು ಯಾಕೆ ಕರೆಯಲಿಲ್ಲ" ಅಂತ ನೇರ ಕೇಳಿದೆ. ಸ್ವಲ್ಪ ಹೊತ್ತು ಆಚೆಯಿಂದ ಮಿಕ್ಸಿ ಸದ್ದು ಮಾತ್ರ. ಆಮೇಲೆ, "ಮಗು ಆದ ಮೇಲೆ ನೀನು ಎಲ್ಲಿಗೆ ಕರೆದರೂ ಆಗುವುದಿಲ್ಲ ಅನ್ನುತ್ತಿದ್ದೆ. ಪ್ರತಿ ಸಲ ನಿನ್ನನ್ನು ಕೇಳಿ, ನೀನು ಇಲ್ಲ ಅಂದು, ನಮಗೂ ಮುಜುಗರ. ಹಾಗೆ ಕೇಳುವುದು ಬಿಟ್ಟುಹೋಯಿತು" ಅಂದಳು. ಅಳಲಿಕ್ಕೂ ಶುರು ಮಾಡಿದಳು. ನಾನೇ ಸಮಾಧಾನ ಮಾಡಬೇಕಾಯಿತು!

ಎದೆಭಾರ ಸ್ವಲ್ಪ ಇಳಿದದ್ದು ನಿಜ. ಆದರೆ ಉತ್ತರ ನನಗೆ ಒಪ್ಪಿಗೆ ಇಲ್ಲ. ನಾನು ಇಲ್ಲ ಅಂದದ್ದು ಆ ದಿನಕ್ಕೆ. ಹಾಲು ಕುಡಿಯುವ ಮಗುವನ್ನು ಬಿಟ್ಟು ರಾತ್ರಿ ಹನ್ನೊಂದರವರೆಗೆ ಕುಣಿಯಲಿಕ್ಕೆ ಬರುವುದಿಲ್ಲ ಅಂದರೆ ಜೀವನಕ್ಕೇ ಬರುವುದಿಲ್ಲ ಅಂತ ಅರ್ಥವಾ? ಕರೆಯಬೇಕಿತ್ತು, ಬರುವುದು ಬಿಡುವುದು ನನಗೆ ಬಿಟ್ಟದ್ದು.

ಮಲ್ಪೆಗಾಳಿ
ಇದು ನೂರಕ್ಕೆ ನೂರು. ಮಗು ಆದ ಮೇಲೆ ನನ್ನ ಹೆಂಡತಿಗೂ ಹೀಗೇ ಆಯಿತು. ನನ್ನ ಗೆಳೆಯರು ಮಾತ್ರ ನನ್ನನ್ನು ಕರೆಯುವುದು ನಿಲ್ಲಿಸಲೇ ಇಲ್ಲ. ಮಗು ಇಬ್ಬರದ್ದೂ ಅಲ್ವಾ?

ಪಟ್ಟೆಹುಲಿ
ಅವರದ್ದೂ ಸ್ವಲ್ಪ ಯೋಚಿಸಿ. ಪ್ರತಿ ಸಲ 'ಇಲ್ಲ' ಕೇಳುವುದೂ ಒಂಥರ ಬೇಡ ಅನ್ನಿಸಿಕೊಂಡ ಹಾಗೆಯೇ. ಅವರಿಗೂ 'ಇವಳಿಗೆ ನಾವು ಬೇಡ' ಅನ್ನಿಸಿರಬಹುದು.

ಮನಪಾಠ
ಪಟ್ಟೆಹುಲಿ ಹೇಳಿದ್ದರಲ್ಲಿ ಹುರುಳುಂಟು. ಕೆಲವರಿಗೆ ಇದು ಬೇರೆಯವರಿಗಿಂತ ಬೇಗ ತಾಗುತ್ತದೆ. ಜೆರಾಲ್ಡಿನ್ ಡೌನಿ, ಸ್ಕಾಟ್ ಫೆಲ್ಡ್‌ಮನ್ 1996ರಲ್ಲಿ ಇದರ ಬಗ್ಗೆ ಬರೆದಿದ್ದರು. ತಿರಸ್ಕಾರ ಬಂದೇ ಬರುತ್ತದೆ ಅಂತ ಕಾದು ಕೂತವರಿಗೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಅವರು ಮುನಿಸಿಕೊಳ್ಳುತ್ತಾರೆ, ಎದುರಿನವರು ದೂರ ಹೋಗುತ್ತಾರೆ, ಕೊನೆಗೆ ಹೆದರಿದ್ದೇ ಆಗುತ್ತದೆ. ಕಡಲತಡಿಯವರು ಹಾಗೆ ಅಂತ ಹೇಳುತ್ತಿಲ್ಲ. ಅವರು ಕೇಳಿದರು, ಅದು ದೊಡ್ಡ ವಿಷಯ. ಆದರೆ ಎಲ್ಲರಿಗೂ 'ಕೇಳಿ' ಅಂತ ನಾನು ಹೇಳುವುದಿಲ್ಲ. ದುಬೈಯವರ ಮೇಜಿನವರ ಹತ್ತಿರ ಕೇಳಿ ಏನೂ ಸಿಗುತ್ತಿರಲಿಲ್ಲ.

ಬಂಗುಡೆಪ್ರಿಯ
ರಾತ್ರಿ ಹನ್ನೊಂದರವರೆಗೆ ಡಿಜೆ ಅಂದಿರಾ? ಹತ್ತರ ನಂತರ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ದಲ್ಲೇ ಶಬ್ದ ಮಾಲಿನ್ಯದ ನಿಯಮ ಬಂದಿದೆ. ಕರೆಯದೆ ಇದ್ದದ್ದಕ್ಕೆ 112ಕ್ಕೆ ಫೋನ್ ಮಾಡಬಹುದಿತ್ತು.

ಎಲ್‌ಐಸಿಯವ
ಆಗ ಮದುವೆಗೂ ಕರೆಯುತ್ತಿರಲಿಲ್ಲ.

ನೀರುದೋಸೆ
ಮೆಹಂದಿಯ ಊಟದ ಬಗ್ಗೆ ಯಾರೂ ಬರೆಯಲಿಲ್ಲ. ಹೋಗಲಿಲ್ಲ ಅಂದರೆ ನಿಜವಾದ ನಷ್ಟ ಕೋರಿ ರೊಟ್ಟಿಯದ್ದು.

ದುಬೈನಿಂದಬಂದವ
ಮೇಷ್ಟ್ರೇ, ಕೇಳಿ ಪ್ರಯೋಜನ ಇಲ್ಲ ಅಂದಿರಿ. ಮತ್ತೆ ನನ್ನಂಥವರು ಎಂತ ಮಾಡಬೇಕು? ಸುತ್ತು ಹಾಕಿಕೊಂಡೇ ಇರುವುದಾ?

ಮನಪಾಠ
ನಿಮ್ಮ ಪ್ರಶ್ನೆಗೆ 2007ರ ಇನ್ನೊಂದು ಅಧ್ಯಯನದಲ್ಲಿ ಸ್ವಲ್ಪ ಉತ್ತರ ಉಂಟು. ಜಾನ್ ಮೇನರ್ ಅವರ ತಂಡದ್ದು. ಹೊರಗುಳಿದವರಿಗೆ ಹೊಸ ಜನರ ಜೊತೆ ಸೇರುವ ಆಸೆ ಜಾಸ್ತಿ ಆಗುತ್ತದೆ. ಹೊರಗೆ ಹಾಕಿದವರ ಕಡೆಗಲ್ಲ, ಹೊಸಬರ ಕಡೆಗೆ. ಆದರೆ ಬೇರೆಯವರು ಏನಂದುಕೊಳ್ಳುತ್ತಾರೋ ಅಂತ ಸದಾ ಹೆದರುವವರಲ್ಲಿ ಈ ಆಸೆ ಕಾಣಲಿಲ್ಲ. ನೀವು ಇಷ್ಟು ಬಿಚ್ಚಿ ಬರೆದಿದ್ದೀರಿ, ನಿಮಗೆ ಆ ಹೆದರಿಕೆ ಇಲ್ಲ ಅಂತ ನನ್ನ ಅಂದಾಜು. ಆಗ ಬಿಲ್ ಕೊಡುವ ಅಭ್ಯಾಸ ಮಾತ್ರ ಒಟ್ಟಿಗೆ ಒಯ್ಯಬೇಡಿ.

ಕಂಬಳಗದ್ದೆ
ಭಾಯಿ, ನಿಮಗೆ ಕ್ರಿಕೆಟ್ ಬರುತ್ತದಾ? ಸುರತ್ಕಲ್ ಕಡೆ ನಮ್ಮದೊಂದು ಅಂಡರ್‌ಆರ್ಮ್ ತಂಡ ಉಂಟು. ತಂಡ ಅಂದರೆ ದೊಡ್ಡದೇನಲ್ಲ. ನಲವತ್ತು ದಾಟಿದವರು, ಮಂಡಿನೋವಿನವರು, ಮನೆಯಲ್ಲಿ ಬೈಸಿಕೊಂಡು ಬಂದವರು. ಇಬ್ಬರು ಊರು ಬಿಟ್ಟು ಬೆಂಗಳೂರಿಗೆ ಹೋದರು, ಜನ ಕಮ್ಮಿ.

ದುಬೈನಿಂದಬಂದವ
ಶಾರ್ಜಾದಲ್ಲಿ ಶುಕ್ರವಾರ ಶುಕ್ರವಾರ ಆಡುತ್ತಿದ್ದೆ. ಬ್ಯಾಟಿಂಗ್ ಸುಮಾರು. ಓಡಲಿಕ್ಕೆ ಆಗುವುದಿಲ್ಲ.

ಕಂಬಳಗದ್ದೆ
ನಮ್ಮಲ್ಲಿ ಯಾರಿಗೂ ಆಗುವುದಿಲ್ಲ. ಬೌಂಡರಿ ಹತ್ತಿರವೇ ಇಟ್ಟಿದ್ದೇವೆ. ಭಾನುವಾರ ಬೆಳಗ್ಗೆ ಏಳಕ್ಕೆ ಬನ್ನಿ, ಜಾಗ ಮೆಸೇಜ್ ಮಾಡುತ್ತೇನೆ. ಆಟ ಆದ ಮೇಲೆ ಬನ್ಸ್, ಚಹಾ. ಬಿಲ್ ಸೋತ ತಂಡದ್ದು, ಹೊಸಬರು ಕೊಟ್ಟರೆ ದಂಡ.

ಪಟ್ಟೆಹುಲಿ
ನಾನೂ ಬರಬಹುದಾ?

ರಥಬೀದಿಯವಳು
ಮೊದಲು ಹಳೆಯ ಗುಂಪು ಡಿಲೀಟ್ ಮಾಡಿ ಬನ್ನಿ.